ಮೆಟಾರೈಜಿಯಂ ಪುಡಿ: ಗೋಧಿಯ ಗೆದ್ದಲಿಗೆ ಇದೊಂದೇ ಸಾಲದು

ಹಿಂಗಾರಿ ಗೋಧಿಗೆ ಗೆದ್ದಲು ಹತ್ತುತ್ತೆ ಅಂತ ಮೆಟಾರೈಜಿಯಂ ಪುಡಿ ತರಲು ಹೊರಟವರು ಮೊದಲು ಇದನ್ನು ಓದಿ. ನಾನು ಕೊಡುವುದು 5ಕ್ಕೆ 3. ಪುಡಿ ಒಳ್ಳೆಯದೇ, ಆದರೆ ಗೆದ್ದಲಿನ ಮೇಲೆ ಅಂಗಡಿಯವರು ಹೇಳುವಷ್ಟು ಕೆಲಸ ಮಾಡುವುದಿಲ್ಲ.

ಇದೊಂದು ಶಿಲೀಂಧ್ರ. ಬೀಜಕಣ ಹುಳುವಿನ ಮೈಗೆ ಅಂಟಿ, ಚರ್ಮ ಕೊರೆದು ಒಳಗೆ ಬೆಳೆಯುತ್ತದೆ. ಹುಳು ಸಾಯಲು ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಸತ್ತ ಮೇಲೆ ಮೈಯೆಲ್ಲ ಹಸಿರು ಬೂಷ್ಟು. ಬೇರು ತಿನ್ನುವ ಗೊಣ್ಣೆ ಹುಳುವಿಗೆ ಚೆನ್ನಾಗಿಯೇ ನಾಟುತ್ತದೆ, ಆದರೆ ಅದಕ್ಕೆ ಮುಂಗಾರಿನಲ್ಲೇ, ಶೇಂಗಾ ಅಥವಾ ಸೋಯಾ ಹೊಲದಲ್ಲಿ ಮರಿ ಸಣ್ಣದಿರುವಾಗಲೇ ಹಾಕಬೇಕು. ನವೆಂಬರ್‌ನಲ್ಲಿ ಗೋಧಿ ಬಿತ್ತುವ ಹೊತ್ತಿಗೆ ಬಲಿತ ಹುಳು ಆಳಕ್ಕೆ ಇಳಿದಿರುತ್ತದೆ.

ಗೆದ್ದಲು ಹಾಗಲ್ಲ. ಒಂದರ ಮೈ ಇನ್ನೊಂದು ನೆಕ್ಕಿ ಬೀಜಕಣ ತೆಗೆಯುತ್ತವೆ, ಸತ್ತದ್ದನ್ನು ಮಣ್ಣಿನಲ್ಲಿ ಮುಚ್ಚುತ್ತವೆ, ಪುಡಿ ದಟ್ಟವಾಗಿ ಬಿದ್ದ ಕಡೆ ಸುಳಿಯುವುದೇ ಕಡಿಮೆ. ಧಾರವಾಡ ಕಡೆಯ ನಮ್ಮ ಮಸಾರಿ ಹೊಲದಲ್ಲಿ ಪುಡಿ ಹಾಕಿದ ಸಾಲುಗಳಲ್ಲೂ ಸಸಿ ಒಣಗಿದವು, ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತಿದ್ದವು, ಆಮೇಲೆ ಅಲ್ಲಲ್ಲಿ ಕಾಳಿಲ್ಲದ ಬಿಳಿ ತೆನೆ. ಹಾನಿ ತಗ್ಗಿತು ನಿಜ, ನಿಲ್ಲಲಿಲ್ಲ. ಬೀಜೋಪಚಾರ ಮಾಡಿದ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಕೀಟನಾಶಕ ಸವರಿದ ಪಕ್ಕದ ತುಂಡು ಎಷ್ಟೋ ವಾಸಿ ಇತ್ತು. ಕೆಜಿ ಬೀಜಕ್ಕೆ 6 ಮಿಲಿ ಫಿಪ್ರೋನಿಲ್ 5 ಎಫ್‌ಎಸ್, ಇಲ್ಲವೇ 1 ಗ್ರಾಂ ಥಯಾಮೆಥಾಕ್ಸಾಮ್ 70 ಡಬ್ಲ್ಯುಎಸ್. ಕರ್ನಾಲ್‌ನ ಗೋಧಿ ಸಂಶೋಧನಾ ಸಂಸ್ಥೆ ಹೇಳುವುದೂ ಮೊದಲು ಬೀಜೋಪಚಾರವನ್ನೇ. ಗ್ಲೌಸ್ ಹಾಕಿಕೊಂಡೇ ಕಲಸಿ, ಉಳಿದ ಬೀಜ ಯಾವ ಕಾರಣಕ್ಕೂ ಮನೆಯ ಕಾಳಿಗೆ ಸೇರಬಾರದು.

ಪುಡಿಯನ್ನು ಸುಮ್ನೆ ಎರಚಿದರೆ ದುಡ್ಡು ದಂಡ. ಎಕರೆಗೆ 2 ಕೆಜಿಯನ್ನು 100 ಕೆಜಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ ಒಂದು ವಾರ ಇಡಿ. ಸಂಜೆ ಹೊತ್ತು, ಮಣ್ಣಲ್ಲಿ ಹಸಿ ಇರುವಾಗ ಹಾಕಿ ಕುಂಟೆ ಹೊಡೆಯಿರಿ. ಕಳಿಯದ ಗೊಬ್ಬರ ಹಾಕಿದರೆ ಗೆದ್ದಲನ್ನು ನಾವೇ ಕರೆದಂತೆ ಅಲ್ವಾ? ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ, ಇದೇ ಸತ್ತುಹೋಗುತ್ತದೆ.

ತಯಾರಾದ ತಾರೀಖು ನೋಡಿಯೇ ಕೊಳ್ಳಿ. ಒಂದು ಅಂಗಡಿಯಲ್ಲಿ ಬೇಸಿಗೆಯೆಲ್ಲ ತಗಡಿನ ಕೆಳಗೆ ಬಿದ್ದಿದ್ದ ಪ್ಯಾಕೆಟ್ ಕೊಡಲು ಬಂದರು, ನನಗೆ ನಿಜಕ್ಕೂ ಸಿಟ್ಟು ಬಂತು. ಆ ಬಿಸಿಗೆ ಬೀಜಕಣ ಎಲ್ಲಿ ಉಳಿಯಬೇಕು? ಸಾವಯವದಲ್ಲಿ ಸದಕ (ಜವೆ) ಗೋಧಿ ಬೆಳೆಯುವವರು ರಾಸಾಯನಿಕ ಮುಟ್ಟುವಂತಿಲ್ಲ, ಅವರು ಧೈರ್ಯವಾಗಿ ತರಲಿ, ಪ್ರತಿ ವರ್ಷ ಹಾಕಲಿ. ಮಿಕ್ಕವರು ಬೀಜೋಪಚಾರ ಬಿಟ್ಟು ಇದನ್ನೊಂದೇ ನಂಬಬೇಡಿ.