‘ನೀವೇ ವೈರ್ ಎಳೀರಿ, ಸಹಿ ನಾನು ಹಾಕ್ತೀನಿ’ ಅನ್ನುವವರನ್ನು ನಂಬುವ ಮುಂಚೆ

ಮನೆ ವೈರಿಂಗ್ ತಾವೇ ಮಾಡಿಕೊಂಡು, ಕೊನೆಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಸರ್ಟಿಫಿಕೇಟ್ ತಗೊಳ್ಳೋಣ ಅಂದುಕೊಂಡಿರುವವರು ಇದನ್ನು ಓದಿ. ಗೋಡೆ ಮುಚ್ಚುವ ಮುಂಚೆಯೇ ಓದಿದರೆ ಒಳ್ಳೆಯದು. ಆಮೇಲೆ ಓದಿದರೆ ಅರ್ಧ ಉಪಯೋಗ ಅಷ್ಟೇ.

ನಾನು ಪೈಪು ಹಾಕುವ ಮೊದಲೇ ಒಬ್ಬರನ್ನು ಕೇಳಿದ್ದೆ. “ಪೈಪು, ವೈರು, ಬಾಕ್ಸು ಎಲ್ಲ ನೀವು ಮಾಡ್ಕೊಳ್ಳಿ. ಡಿಬಿ ಕನೆಕ್ಷನ್ ನಾನು ಕೊಡ್ತೀನಿ, ಸರ್ಟಿಫಿಕೇಟೂ ನಂದೇ” ಅಂದರು. ಡಿಬಿ ಅಂದರೆ ಮನೆಯ ಸರ್ಕ್ಯೂಟುಗಳಿಗೆ ಕರೆಂಟ್ ಹಂಚುವ ಬಾಕ್ಸು. ಅಡ್ವಾನ್ಸ್ ಇಸ್ಕೊಂಡರು. ಪ್ಲಾಸ್ಟರ್ ಆಗುವ ಮುಂಚೆ ಒಮ್ಮೆ ಬಂದು ನೋಡಿ ಅಂತ ಫೋನ್ ಮಾಡಿದೆ, ಮೆಸೇಜ್ ಹಾಕಿದೆ. “ನೀವು ಮುಚ್ಚಿಸಿ ಸರ್, ಏನೂ ತೊಂದರೆ ಇಲ್ಲ” ಅಂತ ಉತ್ತರ. ಮುಚ್ಚಿಸಿದ ಮೇಲೆ ಬಂದು ಡಿಬಿ ಜೋಡಿಸಿದರು. ಸರ್ಟಿಫಿಕೇಟ್ ಮಾತು ಎತ್ತಿದ ಕೂಡಲೇ ವರಸೆ ಬದಲಾಯಿತು. “ಗೋಡೆ ಒಳಗೆ ಏನಿದೆ ಅಂತ ನಂಗೇನು ಗೊತ್ತು? ಹೇಗೆ ಸಹಿ ಹಾಕಲಿ?”

ಆ ಮಾತಿನಲ್ಲಿ ತಪ್ಪಿಲ್ಲ. ನಾಳೆ ಎಲ್ಲೋ ಜಾಯಿಂಟ್ ಸುಟ್ಟು ಬೆಂಕಿ ಹತ್ತಿದರೆ ಮೊದಲು ಕೇಳುವುದು ಸಹಿ ಹಾಕಿದವರನ್ನೇ. ತಾನು ನೋಡದ ಕೆಲಸಕ್ಕೆ ಯಾರೂ ಸಹಿ ಹಾಕಬಾರದು. ಆದರೆ ಬಂದು ನೋಡಿ ಅಂತ ಕರೆದಾಗ ಬರದೇ ಇದ್ದವರು ಯಾರು? ನನ್ನ ಜಗಳ ಇರುವುದು ಅಲ್ಲಿ.

ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿದ್ದೆ. ತೋರಿಸಿದರೆ ನೋಡಲೂ ಇಲ್ಲ. 16 ಆಂಪಿಯರ್ ಪಾಯಿಂಟಿಗೆ 2.5 ಸ್ಕ್ವೇರ್ ಎಂಎಂ ವೈರು ಸಾಲದು, ಎಲ್ಲ ಕಿತ್ತು 4 ಹಾಕಬೇಕು ಅಂದರು. ಒಂದೇ ಪೈಪಿನಲ್ಲಿ ಏಳೆಂಟು ಸರ್ಕ್ಯೂಟ್ ತುಂಬಿದರೆ ವೈರು ಬಿಸಿಯಾಗುತ್ತದೆ, ಆಗ ದಪ್ಪ ವೈರು ಬೇಕು, ಒಪ್ಪೋಣ. ಆದರೆ ಪೈಪಿನಲ್ಲಿ ಎಷ್ಟು ವೈರಿದೆ, ಎಷ್ಟು ದೂರ ಹೋಗಿದೆ ಅಂತ ಒಂದು ಮಾತೂ ಕೇಳಲಿಲ್ಲ. ಕಿತ್ತು ಹಾಕುವ ಕೆಲಸಕ್ಕೆ ರೇಟ್ ಮಾತ್ರ ಬಾಯಲ್ಲೇ ಇತ್ತು.

ನಾನು ಒಪ್ಪದಿದ್ದಾಗ ಇನ್ನೊಂದು ದಾರಿ ತೋರಿಸಿದರು. ಸ್ವಲ್ಪ ಜಾಸ್ತಿ ಕೊಟ್ಟರೆ ಈಗಲೇ ಸಹಿ! ಫಾರಂ ಆಗಲೇ ತುಂಬಿಕೊಂಡು ಬಂದಿದ್ದರು. ಇನ್ಸುಲೇಷನ್ ರೆಸಿಸ್ಟೆನ್ಸ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ 200, 200, 200. ಒಂದೇ ಪೆನ್ನು, ಒಂದೇ ಓಟ. ಅವರ ಬ್ಯಾಗಿನಲ್ಲಿ ಇದ್ದದ್ದು ಒಂದು ಲೈನ್ ಟೆಸ್ಟರ್, ಒಂದು ಕ್ಲ್ಯಾಂಪ್ ಮೀಟರ್. ಟೆಸ್ಟರ್ ಹೊತ್ತಿಕೊಂಡರೆ ಕರೆಂಟ್ ಇದೆ ಅಂತ ಗೊತ್ತಾಗುತ್ತದೆ, ಅರ್ಥಿಂಗ್ ನೆಟ್ಟಗಿದೆಯಾ ಅಂತ ಗೊತ್ತಾಗಲ್ಲ. ಇನ್ಸುಲೇಷನ್ ನೋಡಲು ಮೆಗ್ಗರ್ ಅನ್ನುವ ಮೀಟರ್ ಬೇಕು. ಸಪ್ಲೈ ತೆಗೆದು, ಬಲ್ಬು, ಫ್ಯಾನ್ ರೆಗ್ಯುಲೇಟರ್ ಎಲ್ಲ ಬಿಚ್ಚಿ, 500 ವೋಲ್ಟ್ ಡಿಸಿ ಕೊಟ್ಟು ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಫೇಲು. ನಮ್ಮಲ್ಲಿ ಒಂದು ಬಲ್ಬೂ ಬಿಚ್ಚಿರಲಿಲ್ಲ. ಆ ಕಾಗದಕ್ಕೆ ನಾನು ದುಡ್ಡು ಕೊಡಲಿಲ್ಲ. ಸಹಿ ಹಾಕಲ್ಲ ಅನ್ನುವವರಿಗಿಂತ, ಅಳೆಯದೆ ಸಹಿ ಹಾಕುವವರು ಅಪಾಯ.

ಎರಡನೆಯವರು ಫೋನಿನಲ್ಲೇ ನೇರವಾಗಿ ಹೇಳಿದರು. “ಬೇರೆಯವರು ಮಾಡಿದ್ದನ್ನ ನಾನು ಮಾಡಿದೆ ಅಂತ ಬರೆದು ಕೊಡಲ್ಲ. ಈಗ ಇರುವ ಸ್ಥಿತಿ ಟೆಸ್ಟ್ ಮಾಡಿ ರಿಪೋರ್ಟ್ ಕೊಡ್ತೀನಿ. ಗೋಡೆ ಒಳಗಿನದು ನೋಡಿಲ್ಲ ಅಂತಲೂ ಅದರಲ್ಲಿ ಬರೀತೀನಿ.” ಕೆಲಸದ ಸರ್ಟಿಫಿಕೇಟ್, ಟೆಸ್ಟ್ ರಿಪೋರ್ಟ್, ಈ ಎರಡು ಕಾಗದ ಒಂದೇ ಅಲ್ಲ. ನಿಮ್ಮ ಸಪ್ಲೈ ಕಚೇರಿಯೋ ಇನ್ಶೂರೆನ್ಸಿನವರೋ ಯಾವುದನ್ನು ಒಪ್ಪುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸ್ವಂತ ವೈರಿಂಗಿಗೆ ನಿಯಮದಲ್ಲೇ ಅವಕಾಶ ಇಲ್ಲದ ಕಡೆ ಯಾವ ಎಲೆಕ್ಟ್ರಿಷಿಯನ್ನಿನ ಮಾತೂ ನಡೆಯಲ್ಲ.

ಇವರು ಒಂದೊಂದೇ ಸರ್ಕ್ಯೂಟ್ ಅಳೆದರು. ಒಂದೊಂದರದ್ದು ಒಂದೊಂದು ಲೆಕ್ಕ ಬಂತು, ಎಲ್ಲವೂ ಪಾಸು. ಆಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿಯ (ಕರೆಂಟ್ ಲೀಕ್ ಆದರೆ ಸಪ್ಲೈ ಕಡಿಯುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರು. ಟಪ್ ಅಂತ ಮನೆಯೆಲ್ಲ ಕತ್ತಲು. ವಾಷಿಂಗ್ ಮಷಿನ್ ಪಾಯಿಂಟಿನ ಕೆಂಪು ಇಂಡಿಕೇಟರ್ ಮಾತ್ರ ಆರಾಮಾಗಿ ಉರಿಯುತ್ತಿತ್ತು! ಡಿಬಿ ಮುಚ್ಚಳ ತೆಗೆದು ನೋಡಿದರೆ, ಆ ಪಾಯಿಂಟಿನ ಎಂಸಿಬಿಗೆ (ಸರ್ಕ್ಯೂಟಿನ ಬ್ರೇಕರ್) ಫೇಸು, ನ್ಯೂಟ್ರಲ್ ಎರಡನ್ನೂ ಆರ್‌ಸಿಸಿಬಿಗಿಂತ ಮೊದಲೇ, ಮೇನ್ ಸ್ವಿಚ್ಚಿನಿಂದ ನೇರವಾಗಿ ಎಳೆದಿದ್ದರು. ನೀರು, ಒದ್ದೆ ನೆಲ ಇರುವ ಜಾಗದ ಪಾಯಿಂಟಿಗೇ ಲೀಕೇಜ್ ರಕ್ಷಣೆ ಇಲ್ಲ. ಎಂಸಿಬಿ ಬೀಳುವುದು ಓವರ್‌ಲೋಡು, ಶಾರ್ಟಿಗೆ. ಮನುಷ್ಯನ ಮೈಯಲ್ಲಿ ಹರಿಯುವ ಸಣ್ಣ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಆ ಡಿಬಿ ಜೋಡಿಸಿದ್ದು ನಾನಲ್ಲ, ಲೈಸೆನ್ಸ್ ಇದ್ದವರು.

ಅದಕ್ಕೇ ಹೇಳುವುದು, ಮೊದಲ ವೈರು ಎಳೆಯುವ ಮುಂಚೆ ಬರವಣಿಗೆಯಲ್ಲಿ ಇಟ್ಟುಕೊಳ್ಳಿ: ಯಾವ ಹಂತದಲ್ಲಿ ಬಂದು ನೋಡುತ್ತಾರೆ, ಯಾವ ಕಾಗದ ಕೊಡುತ್ತಾರೆ, ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ. ಮೆಸೇಜಾದರೂ ಸಾಕು. ಮೆಗ್ಗರ್, ಆರ್‌ಸಿಸಿಬಿ ಟೆಸ್ಟರ್ ಇದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅಲ್ಲಿಗೇ ಬಿಡಿ, ಅಡ್ವಾನ್ಸ್ ಕೊಡಬೇಡಿ. ಎಲೆಕ್ಟ್ರಿಷಿಯನ್ ನೋಡಲು ಬರುವವರೆಗೆ ಗಾರೆಯವರನ್ನು ಕಾಯಿಸಿ, ಗಾರೆಯವರು ಬೈದರೂ ಪರವಾಗಿಲ್ಲ. ಡಿಬಿ ಮುಚ್ಚಳ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಎದುರೇ ಒಂದು ಫೋಟೋ ತೆಗೆಯಿರಿ.

ಆ ಫೋಟೋ ಸುಮ್ನೆ ಅಲ್ಲ. ತಪ್ಪು ಸಿಕ್ಕಿದೆ ಅಂತ ಹೇಳಿದಾಗ ಮೊದಲನೆಯವರು “ನೀವೇ ಆಮೇಲೆ ಏನೋ ಬದಲಾಯಿಸಿರ್ತೀರಿ” ಅಂದರು. ಅವರು ಜೋಡಿಸಿದ ದಿನ ತೆಗೆದಿದ್ದ ಫೋಟೋ ಕಳಿಸಿದೆ. ನೋಡಿದ್ದಾರೆ. ಉತ್ತರವೂ ಇಲ್ಲ, ಅಡ್ವಾನ್ಸೂ ವಾಪಸ್ ಬಂದಿಲ್ಲ.