ದಾವಣಗೆರೆಯ ರಸ್ತೆಗೆ ಯಾವ ಸಣ್ಣ ಎಸ್‌ಯುವಿ? ಪಂಚ್, ಎಕ್ಸ್‌ಟರ್, ಫ್ರಾಂಕ್ಸ್ ನೋಡಿದ ಮೇಲೆ

ಹತ್ತು ಲಕ್ಷ ರೂಪಾಯಿಯೊಳಗೆ ಸಣ್ಣ ಎಸ್‌ಯುವಿ ಕೊಳ್ಳಬೇಕೆಂದು ಹೊರಟವರ ಮುಂದೆ ಟಾಟಾ ಪಂಚ್, ಹುಂಡೈ ಎಕ್ಸ್‌ಟರ್, ಮಾರುತಿ ಫ್ರಾಂಕ್ಸ್, ನಿಸ್ಸಾನ್ ಮ್ಯಾಗ್ನೈಟ್ ಎಂಬ ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಇವೆಲ್ಲವೂ ಮುಂದಿನ ಚಕ್ರಗಳಿಂದಲೇ ಓಡುವ, ಸಣ್ಣ ಕಾರಿನ ಎಂಜಿನ್ನನ್ನೇ ಹೊತ್ತ, ನೆಲದಿಂದ ಸ್ವಲ್ಪ ಎತ್ತರಿಸಿದ ಗಾಡಿಗಳು. ಎಲ್ಲವೂ ನಾಲ್ಕು ಮೀಟರಿನೊಳಗೇ ಇರುವುದಕ್ಕೆ ಕಾರಣ ತೆರಿಗೆ: ಉದ್ದ ನಾಲ್ಕು ಮೀಟರ್ ಮತ್ತು ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18 ಇದ್ದು, ಆ ಮಿತಿ ದಾಟಿದವಕ್ಕೆ ಶೇ 40 ಬೀಳುತ್ತದೆ. ಆದ್ದರಿಂದ ಇವುಗಳಲ್ಲಿ ಕಾಡುಮೇಡಿನ ಸಾಹಸವನ್ನು ಹುಡುಕುವ ಬದಲು, ನಮ್ಮ ಊರಿನ ಸಂದಿ, ಹಂಪು, ಬಿಸಿಲು ಮತ್ತು ಮನೆಯ ಹಿರಿಯರ ಮೊಣಕಾಲು, ಇಷ್ಟಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನೇ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಳತೆಯ ಮಾತು. 2021ರಲ್ಲಿ ಬಂದಾಗ ಪಂಚ್‌ನ ಉದ್ದ 3827 ಮಿಲಿಮೀಟರ್, 2023ರಲ್ಲಿ ಬಂದ ಎಕ್ಸ್‌ಟರ್‌ನದು 3815, ಅದೇ ವರ್ಷದ ಫ್ರಾಂಕ್ಸ್‌ನದು 3995. ಕಾಗದದ ಮೇಲೆ ಒಂದು ಗೇಣಿಗಿಂತ ಕಡಿಮೆಯಾದ ಈ ವ್ಯತ್ಯಾಸ, ಮಂಡಿಪೇಟೆಯಲ್ಲಿ ಲಗೇಜ್ ಆಟೋ ಮತ್ತು ತಳ್ಳುಗಾಡಿಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಚೆನ್ನಾಗಿ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ತಿಳಿಯುವುದು ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಪೋರ್ಟಿಕೋದಲ್ಲಿ. ಗೇಟು ಮುಚ್ಚಿದ ಮೇಲೆ ಡಿಕ್ಕಿಯ ಬಾಗಿಲನ್ನು ಪೂರ್ತಿ ಎತ್ತಿ ಅಕ್ಕಿ ಚೀಲ ಇಳಿಸುವಷ್ಟು ಜಾಗ ಉಳಿಯುತ್ತದೆಯೇ ಎಂಬುದನ್ನು ಷೋರೂಮಿಗೆ ಹೋಗುವ ಮುನ್ನವೇ ಟೇಪು ಹಿಡಿದು ನೋಡಿಕೊಳ್ಳುವುದು ಒಳ್ಳೆಯದು. ಗೇಟಿನೆದುರು ಚರಂಡಿಯ ಮೇಲೆ ಕಡಿದಾದ ಇಳಿಜಾರು ಕಟ್ಟಿಸಿದವರಿಗಂತೂ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ, ನಿತ್ಯದ ವಿಷಯ. 2021ರ ಪಂಚ್‌ಗೆ 187, ಎಕ್ಸ್‌ಟರ್‌ಗೆ 185, ಫ್ರಾಂಕ್ಸ್‌ಗೆ 190 ಮಿಲಿಮೀಟರ್ ಇದ್ದು, ಈ ಮೂರರಲ್ಲಿ ಯಾವುದನ್ನು ಕೊಂಡರೂ ತಳ ಉಜ್ಜುವ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. ಮ್ಯಾಗ್ನೈಟ್‌ನದು 205 ಇದ್ದರೂ ಅದರ ಉದ್ದ 3994. ಫ್ರಾಂಕ್ಸ್‌ನಷ್ಟೇ ಉದ್ದದ ಇನ್ನೊಂದನ್ನು ನೋಡುವ ಅಗತ್ಯ ಕಾಣಲಿಲ್ಲ, ಅದನ್ನು ಅಲ್ಲಿಯೇ ಬಿಟ್ಟೆವು.

ಆಯ್ಕೆ ನಿಜವಾಗಿ ತೀರ್ಮಾನವಾದದ್ದು ಹಿಂದಿನ ಬಾಗಿಲಿನಲ್ಲಿ. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ತಗ್ಗಾದ ಕಾರಿನೊಳಗೆ ಇಳಿದು ಕೂರುವುದು, ಅದರಿಂದ ಎದ್ದು ಬರುವುದು ಎರಡೂ ಅವರಿಗೆ ಶಿಕ್ಷೆ. ಆದ್ದರಿಂದ ಅವರನ್ನು ಕರೆದುಕೊಂಡೇ ಗಾಡಿಗಳನ್ನು ನೋಡಲು ಹೋಗಿದ್ದೆವು. ಪಂಚ್‌ನ ಬಾಗಿಲುಗಳು ತೊಂಬತ್ತು ಡಿಗ್ರಿಯಷ್ಟು, ಅಂದರೆ ಗಾಡಿಗೆ ನೇರ ಅಡ್ಡವಾಗುವವರೆಗೆ ತೆರೆಯುತ್ತವೆ. ಅತ್ತೆಯವರು ಬೆನ್ನು ತಿರುಗಿಸಿ ಮೊದಲು ಆಸನದ ಅಂಚಿಗೆ ಕುಳಿತು, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಂಡರು. ಯಾರೂ ಕೈ ಕೊಡಬೇಕಾಗಲಿಲ್ಲ. "ಇದ್ರಾಗೆ ಹತ್ತೋದು ಸಲೀಸೈತಿ ನೋಡ್ರಿ" ಎಂದರು. ಎಕ್ಸ್‌ಟರ್‌ನಲ್ಲಿಯೂ ಆಸನದ ಎತ್ತರ ಅನುಕೂಲವಾಗಿಯೇ ಇದೆ, ಆದರೆ ಬಾಗಿಲು ಅಷ್ಟು ಅಗಲವಾಗಿ ಸರಿಯುವುದಿಲ್ಲ. ಫ್ರಾಂಕ್ಸ್‌ನ ಎತ್ತರ 1550 ಮಿಲಿಮೀಟರ್ ಮಾತ್ರ, ಪಂಚ್‌ನದು 1615. ಫ್ರಾಂಕ್ಸ್‌ನ ಮೇಲ್ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅವರು ತಲೆ ಬಗ್ಗಿಸಿ ನುಸುಳಬೇಕಾಯಿತು. ಒಳಗೆ ಕುಳಿತ ಮೇಲೆ ಕಾಲು ಚಾಚಲು ಫ್ರಾಂಕ್ಸ್‌ನಲ್ಲಿಯೇ ಹೆಚ್ಚು ಜಾಗವಿದೆ ಎಂಬುದನ್ನೂ ಹೇಳಲೇಬೇಕು. ಎತ್ತರದ ಮಕ್ಕಳಿರುವ, ಹಿರಿಯರಿಲ್ಲದ ಮನೆಗೆ ಅದು ಸರಿಯಾದ ಗಾಡಿ. ಹಿಂದೆ ಮೂವರು ದೊಡ್ಡವರು ಹಾಯಾಗಿ ಕೂರುವುದು ಮಾತ್ರ ಈ ಮೂರರಲ್ಲೂ ಆಗದ ಮಾತು.

ಎಂಜಿನ್ನಿನ ವಿಷಯದಲ್ಲಿ ಎಕ್ಸ್‌ಟರ್ ಒಂದು ಹೆಜ್ಜೆ ಮುಂದಿದೆ. ಅದರ 1.2 ಲೀಟರ್ ಎಂಜಿನ್ ನಾಲ್ಕು ಸಿಲಿಂಡರಿನದು, ಪಂಚ್‌ನದು ಮೂರು ಸಿಲಿಂಡರಿನದು. ಗಾಂಧಿ ವೃತ್ತದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮೂರು ಸಿಲಿಂಡರಿನ ಎಂಜಿನ್ನಿನ ನಡುಕ ಸಣ್ಣಗೆ ಸ್ಟಿಯರಿಂಗಿಗೂ ಸೀಟಿಗೂ ಬರುತ್ತದೆ, ನಾಲ್ಕು ಸಿಲಿಂಡರಿನದು ಚಾಲೂ ಇದೆಯೋ ಇಲ್ಲವೋ ಎಂಬಂತೆ ನಿಲ್ಲುತ್ತದೆ. ಊರೊಳಗೆ ದಿನವೂ ತಾವೇ ಓಡಿಸುವವರು, ಮೃದುವಾದ ಕ್ಲಚ್ಚು, ಹಗುರವಾದ ಸ್ಟಿಯರಿಂಗ್ ಬಯಸುವವರು ಎಕ್ಸ್‌ಟರ್ ಕಡೆ ವಾಲಿದರೆ ನಾನು ಬೇಡವೆನ್ನಲಾರೆ. ಎಎಂಟಿ, ಅಂದರೆ ತಾನೇ ಬದಲಾಗುವ ಗೇರಿನ ಮಾದರಿಗಳು ಎರಡರಲ್ಲೂ ಇವೆ. ಕ್ಲಚ್ ತುಳಿಯುವ ಕೆಲಸ ತಪ್ಪುವುದು ನಿಜವಾದರೂ, ಗೇರು ಬದಲಾಗುವಾಗ ಗಾಡಿ ಒಂದು ಕ್ಷಣ ಮುಗ್ಗರಿಸಿದಂತಾಗುತ್ತದೆ. ಜನದಟ್ಟಣೆಯ ಅಶೋಕ ರಸ್ತೆಯಲ್ಲಿ ಅದನ್ನು ಓಡಿಸಿ ನೋಡಿಯೇ ಒಪ್ಪಿಕೊಳ್ಳಬೇಕು, ಬೈಪಾಸಿನ ಖಾಲಿ ರಸ್ತೆಯಲ್ಲಲ್ಲ. ಐವರು ಕುಳಿತು ಏಸಿ ಹಾಕಿಕೊಂಡು ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಹೊರಟರೆ ಎರಡೂ ಎಂಜಿನ್ನುಗಳು ಲಾರಿ ದಾಟುವಾಗ ಒಂದು ಗೇರು ಇಳಿಸಬೇಕೆನ್ನುತ್ತವೆ. ಪದೇ ಪದೇ ಬೆಂಗಳೂರಿಗೆ ಹೋಗುವವರಿಗೆ ಫ್ರಾಂಕ್ಸ್‌ನ ಒಂದು ಲೀಟರ್ ಟರ್ಬೊ ಎಂಜಿನ್ ಹೆಚ್ಚು ಹೊಂದುತ್ತದೆ, ಆದರೆ ಅಲ್ಲಿ ಬೆಲೆ ನಮ್ಮ ಮಿತಿಯನ್ನು ಮುಟ್ಟತೊಡಗುತ್ತದೆ.

ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಮನಸ್ಸಿಗೆ ಬಂದಂತೆ ಹಾಕಿರುವ ಹಂಪುಗಳನ್ನು ದಾಟುವಾಗ ಟೈರಿನ ಬೆಲೆ ತಿಳಿಯುತ್ತದೆ. ಪಂಚ್‌ನ 15 ಇಂಚಿನ ಚಕ್ರಕ್ಕೆ 185/70 ಅಳತೆಯ ದಪ್ಪ ಟೈರು ಬರುತ್ತದೆ, ಎಕ್ಸ್‌ಟರ್‌ನದಕ್ಕೆ 175/65. ಟೈರಿನ ಗೋಡೆ ಎತ್ತರವಿದ್ದಷ್ಟೂ ಗುಂಡಿಯ ಪೆಟ್ಟನ್ನು ಅದೇ ನುಂಗಿಕೊಳ್ಳುತ್ತದೆ. ಅದೇ ಕಾರಣಕ್ಕೆ ಅಂದಕ್ಕೆಂದು, ಟೈರಿನ ಗೋಡೆ ಕಿರಿದಾಗುವ 16 ಇಂಚಿನ ಅಲಾಯ್ ಚಕ್ರದ ಮಾದರಿಗೆ ಹೋಗುವುದು ನಮ್ಮ ರಸ್ತೆಗೆ ಬೇಕಿಲ್ಲ.

ಸುರಕ್ಷತೆಯಲ್ಲಿ ಪಂಚ್ 2021ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ಪಡೆದಿದೆ. ಎಕ್ಸ್‌ಟರ್ ಬಂದ ದಿನದಿಂದಲೂ ಎಲ್ಲ ಮಾದರಿಗಳಲ್ಲಿ ಆರು ಏರ್‌ಬ್ಯಾಗ್ ಕೊಡುತ್ತಿದೆ. ಸಿಎನ್‌ಜಿ ಬೇಕೆನ್ನುವವರಿಗೆ ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ತಳದಲ್ಲಿ ಅಡಗಿಸಿರುವ ಮಾದರಿ ಎರಡರಲ್ಲೂ ಸಿಗುತ್ತದೆ. ಪೆಟ್ರೋಲ್ ಪಂಚ್‌ನಲ್ಲಿ 366 ಲೀಟರ್ ಇರುವ ಡಿಕ್ಕಿ ಆಗ 210ಕ್ಕೆ ಇಳಿಯುತ್ತದೆ, ಪಿಕಪ್ ಸಹ ಕುಗ್ಗುತ್ತದೆ. ಓಡಾಟ ಕಡಿಮೆಯಿರುವ ಮನೆಗೆ ಪೆಟ್ರೋಲೇ ಸಾಕು.

ನನ್ನ ಆಯ್ಕೆ ಪಂಚ್ ಪೆಟ್ರೋಲ್, ಮ್ಯಾನ್ಯುಯಲ್ ಗೇರ್, ಮಧ್ಯದ ಮಾದರಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಹಿಂದಿನ ಸೀಟಿಗೆ ಏಸಿ ಗಾಳಿಯ ಕಿಂಡಿ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು. ಸನ್‌ರೂಫಿಗೆ ಕೊಡುವ ಹಣಕ್ಕಿಂತ ಅದು ಸಾರ್ಥಕ. ಮಾದರಿ ಏರಿಸುತ್ತಾ ಹೋಗುವವರು ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಲೆಕ್ಕವನ್ನು ಮರೆಯಬಾರದು. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇ 14, ಹತ್ತು ಲಕ್ಷ ದಾಟಿದರೆ ಇಡೀ ಬೆಲೆಯ ಮೇಲೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 9.90 ಲಕ್ಷದ ಗಾಡಿಗೆ ಇದು ಸುಮಾರು 1.54 ಲಕ್ಷವಾದರೆ 10.10 ಲಕ್ಷದ ಗಾಡಿಗೆ ಸುಮಾರು 1.91 ಲಕ್ಷ, ಇಪ್ಪತ್ತು ಸಾವಿರದ ಮಾದರಿ ಬದಲಾವಣೆಗೆ ತೆರಿಗೆಯೊಂದರಲ್ಲೇ ಮೂವತ್ತೇಳು ಸಾವಿರದಷ್ಟು ಹೆಚ್ಚಾಗುತ್ತದೆ. ಆನ್ ರೋಡ್ ಬೆಲೆಯ ಚೀಟಿಯಲ್ಲಿ ವಿಮೆ, ಆಕ್ಸೆಸರಿ ಮತ್ತು ಹ್ಯಾಂಡ್ಲಿಂಗ್ ಚಾರ್ಜ್‌ಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಬೇಕು. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ; ಹೊರಗಿನ ದರವನ್ನು ಮುಂದಿಟ್ಟ ಕೂಡಲೇ ನಮಗೆ ಕೊಟ್ಟಿದ್ದ ಚೀಟಿಯಲ್ಲಿ ವಿಮೆಯ ಮೊತ್ತ ಇಳಿಯಿತು, ಹ್ಯಾಂಡ್ಲಿಂಗ್ ಚಾರ್ಜ್ ಪೂರ್ತಿಯಾಗಿ ಬಿಟ್ಟುಹೋಯಿತು.