ಹೆಂಚಿನ ಮನೆಗೆ ಭಾರತ್ ಗೃಹ ರಕ್ಷಾ: ಮಾಡಿನ ವಯಸ್ಸು ಲೆಕ್ಕಕ್ಕೆ ಬರುವುದು ಯಾವಾಗ?

ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯ ಪಾಲಿಸಿಯನ್ನು 2021ರಿಂದ ತಪ್ಪದೆ ನವೀಕರಿಸುತ್ತಾ ಬಂದಿದ್ದೇನೆ. ನಡುವೆ ಒಂದು ದೊಡ್ಡ ಕ್ಲೇಮ್ ಕೂಡ ಆಗಿದೆ. ಹಾಗಾಗಿ ಇದು ಪಾಲಿಸಿ ಕೊಂಡ ಖುಷಿಯಲ್ಲಿ ಬರೆದದ್ದಲ್ಲ, ದುಡ್ಡು ಕೇಳಲು ಹೋದವನ ಅನುಭವ. ಕಂಪನಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ನಿಮಗೆ ಅಷ್ಟೇನೂ ಉಪಯೋಗವಿಲ್ಲ. ಇದು ವಿಮಾ ನಿಯಂತ್ರಕ ಐಆರ್‌ಡಿಎಐ ರೂಪಿಸಿದ ಪ್ರಮಾಣಿತ ಪಾಲಿಸಿ, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೂಲ ಷರತ್ತುಗಳು ಯಾವ ಕಂಪನಿಗೆ ಹೋದರೂ ಅವೇ. ಪ್ರೀಮಿಯಂ ಮತ್ತು ಫೋನ್ ಎತ್ತುವ ಚುರುಕು ಮಾತ್ರ ಬೇರೆ ಬೇರೆ.

ಮನೆ ಮಡಗಾಂವ್ ಹತ್ತಿರ. ಅಪ್ಪ ಕುಮಟಾ ಬಿಟ್ಟು ಗೋವಾಕ್ಕೆ ಬಂದಮೇಲೆ ಕೊಂಡದ್ದು, ಆಗಲೇ ಹಳೆಯದು. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು (ಛಾವಣಿ), ಹಿಂಬದಿಗೆ ಆಮೇಲೆ ಸೇರಿಸಿದ ಅಡುಗೆಮನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ ಕರಾವಳಿಯನ್ನು ಸವರಿಕೊಂಡು ಹೋದಾಗ ನಮ್ಮ ವಾಡೆಯಲ್ಲಿ ಮರಗಳು ಉರುಳಿದವು, ಕರೆಂಟು ಹೋಯಿತು. ನಮ್ಮ ಮಾಡು ಉಳಿಯಿತು, ಎದುರು ಮನೆಯವರದು ಉಳಿಯಲಿಲ್ಲ. ಅದಾದ ಮೇಲೆಯೇ ಪಾಲಿಸಿ ಮಾಡಿಸಿದ್ದು.

ಅರ್ಜಿಯಲ್ಲಿ ಕೇಳಿದ್ದು ಕಟ್ಟಡ ಎಷ್ಟು ಹಳೆಯದು, ಗೋಡೆ ಯಾವುದರದ್ದು, ಮಾಡು ಯಾವುದರದ್ದು ಎಂದು. ಮಾಡಿಗೆ ಎಷ್ಟು ವಯಸ್ಸು ಎಂದು ಯಾರೂ ಕೇಳಲಿಲ್ಲ. ಹುಲ್ಲು, ತೆಂಗಿನ ಗರಿ, ಬಿದಿರು, ತಾಡಪಾಲಿನ ಮಾಡಾದರೆ ಅದನ್ನು ಕಚ್ಚಾ ಕಟ್ಟಡದ ಲೆಕ್ಕಕ್ಕೆ ಹಾಕುತ್ತಾರೆ. ಹೆಂಚಿಗೆ ಆ ತಾಪತ್ರಯವಿಲ್ಲ. ವಿಮಾ ಮೊತ್ತದ ಲೆಕ್ಕವೂ ಸರಳ: ಕಾರ್ಪೆಟ್ ಏರಿಯಾವನ್ನು (ಮನೆಯೊಳಗಿನ ಬಳಕೆಯ ನೆಲದ ಅಳತೆ) ಇವತ್ತಿನ ಕಟ್ಟುವ ಖರ್ಚಿನಿಂದ ಗುಣಿಸುವುದು. 100 ಚದರ ಮೀಟರ್ ಮನೆ, ಮೀಟರಿಗೆ 25,000 ರೂಪಾಯಿ ಅಂದುಕೊಂಡರೆ 25 ಲಕ್ಷ. ಒಳಗಿನ ಸಾಮಾನಿಗೆ ಇದರ ಶೇ. 20, ಹೆಚ್ಚೆಂದರೆ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ಸಿಗುತ್ತದೆ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ನಮ್ಮ ಊರಿನ ಕಡೆಯವರು ಮನೆಯ ಮಾರುಕಟ್ಟೆ ಬೆಲೆಗೇ ವಿಮೆ ಮಾಡಿಸಬೇಕು ಅಂದುಕೊಂಡು ಹೆದರುವುದನ್ನು ನೋಡಿದ್ದೇನೆ. ನನ್ನ ವರ್ಷದ ಪ್ರೀಮಿಯಂ ಬೈಕಿನ ವಿಮೆಗಿಂತ ಹೆಚ್ಚೇನಿಲ್ಲ.

ಅಕ್ಕನ ಮಗ ಅಮೆರಿಕದ ಫ್ಲಾರಿಡಾದಲ್ಲಿ ಇದ್ದಾನೆ. ಅವನಿಗೆ ಇದೆಲ್ಲ ಹೇಳಿದಾಗ ನಂಬಲೇ ಇಲ್ಲ. "ಮಾವ, ಇಲ್ಲಿ ಮೊದಲು ಕೇಳೋದೇ ರೂಫ್ ಯಾವ ವರ್ಷದ್ದು ಅಂತ" ಅಂದ. ಅಲ್ಲಿ ಹೆಚ್ಚಾಗಿ ಡಾಂಬರಿನ ಶಿಂಗಲ್, ಅಂದರೆ ತೆಳು ಬಿಲ್ಲೆಗಳನ್ನು ಹೊದಿಸಿದ ಮಾಡು. ಬಿಸಿಲು, ಆಲಿಕಲ್ಲು, ಚಂಡಮಾರುತಕ್ಕೆ ಸಿಕ್ಕಿ ಹದಿನೈದು ಇಪ್ಪತ್ತು ವರ್ಷಕ್ಕೆ ಸವೆಯುತ್ತದೆ. ಹಳತಾದಂತೆ ಕೆಲವು ಕಂಪನಿಗಳು ಪಾಲಿಸಿಯನ್ನೇ ಕೊಡುವುದಿಲ್ಲ. ಕೊಟ್ಟರೂ ಹೊಸ ಮಾಡಿನ ಪೂರ್ತಿ ಖರ್ಚಿನ ಬದಲು ಸವಕಳಿ ಕಳೆದ ಬೆಲೆ ಮಾತ್ರ. ಇಪ್ಪತ್ತು ವರ್ಷ ಬಾಳುವ ಮಾಡು ಹದಿನೈದನೇ ವರ್ಷದಲ್ಲಿ ಹಾರಿಹೋದರೆ, ಸರಳ ಲೆಕ್ಕದಲ್ಲಿ ಕೈಗೆ ಬರುವುದು ಕಾಲು ಭಾಗ. ಈ ಜಗ್ಗಾಟ ಎಷ್ಟು ಜೋರಾಯಿತೆಂದರೆ 2022ರಲ್ಲಿ ಫ್ಲಾರಿಡಾ ಸರ್ಕಾರ ಕಾನೂನನ್ನೇ ತರಬೇಕಾಯಿತು. ಹದಿನೈದು ವರ್ಷದೊಳಗಿನ ಮಾಡಿದ್ದರೆ ವಯಸ್ಸೊಂದನ್ನೇ ಮುಂದಿಟ್ಟು ಪಾಲಿಸಿ ನಿರಾಕರಿಸುವಂತಿಲ್ಲ. ಅದಕ್ಕಿಂತ ಹಳತಾದರೆ ಮನೆಯವರಿಗೆ ಪರೀಕ್ಷೆ ಮಾಡಿಸಲು ಅವಕಾಶ ಕೊಡಬೇಕು. ಇನ್ನೂ ಐದು ವರ್ಷ ಬಾಳುತ್ತದೆ ಎಂದು ವರದಿ ಬಂದರೆ ವಯಸ್ಸಿನ ನೆಪ ಹೇಳುವಂತಿಲ್ಲ.

ನಮ್ಮಲ್ಲಿ ಅಂಥ ಕಾಟ ಇಲ್ಲವಲ್ಲ ಎಂದು ಬೀಗುವ ಹಾಗೂ ಇಲ್ಲ. ಅಲ್ಲಿ ಬಾಗಿಲಲ್ಲೇ ಕೇಳುವ ಪ್ರಶ್ನೆಯನ್ನು ಇಲ್ಲಿ ಕ್ಲೇಮಿನ ದಿನ ಕೇಳುತ್ತಾರೆ. ಅಲ್ಲಿನವರಿಗೆ ಕೊನೇಪಕ್ಷ ಎಷ್ಟು ಸಿಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ.

ನನ್ನ ಕ್ಲೇಮ್ 2024ರ ಮಳೆಗಾಲದ್ದು. ರಾತ್ರಿಯ ಗಾಳಿಗೆ ಮುಂದಿನ ಮಾಡಿನ ಒಂದು ಮಗ್ಗುಲು ಪೂರ್ತಿ ಎದ್ದುಹೋಯಿತು. ಹಿಂದುಗಡೆ ಪಕ್ಕದವರ ತೆಂಗಿನ ಮರ ಅಡುಗೆಮನೆಯ ಮೇಲೆ ಮುರಿದುಕೊಂಡು ಬಿತ್ತು. ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಬೆಂಕಿ, ಭೂಕಂಪ, ಭೂಕುಸಿತ ಎಲ್ಲ ಈ ಪಾಲಿಸಿಯಲ್ಲಿವೆ. ಹೊರಗಿನ ವಸ್ತು ಬಂದು ಬಡಿದು ಆಗುವ ಹಾನಿಯೂ ಇದೆ, ಮರ ಬೀಳುವುದು ಅದರಲ್ಲೇ ಬರುತ್ತದೆ. ಹಾಗಾಗಿ ಕಾಗದದ ಮೇಲೆ ಎರಡೂ ಸಲೀಸು. ಅದೇ ದಿನ ಫೋಟೋ ತೆಗೆದು ಕಂಪನಿಗೆ ತಿಳಿಸಿದೆ, ತಾಡಪಾಲು ಹೊದಿಸಿದೆ, ಮುರಿದ ಮರಮುಟ್ಟನ್ನು ಅಂಗಳದಲ್ಲೇ ಬಿಟ್ಟೆ. ಈ ಕೊನೆಯದನ್ನು ಹೇಳಿಕೊಟ್ಟವನು ನಮ್ಮ ಆಚಾರಿ. ಹಾನಿ ಅಂದಾಜು ಮಾಡುವ ಸರ್ವೇಯರ್ ಬರುವವರೆಗೆ ಒಂದು ರೀಪನ್ನೂ (ಹೆಂಚು ಕೂರುವ ಮರದ ಪಟ್ಟಿ) ಎಸೆಯಬೇಡಿ ಎಂದಿದ್ದ.

ಸರ್ವೇಯರ್ ಬೆಳಗಾವಿ ಕಡೆಯವರು. ನನ್ನ ಹಿಂದಿ ಕೇಳಿ ನಕ್ಕು ಕನ್ನಡಕ್ಕೆ ಇಳಿದರು. ನಾನು ಹೆಂಚಿನ ಕತೆ ಶುರುಮಾಡಿದರೆ ಅವರಿಗೆ ಅದು ಬೇಕಿರಲಿಲ್ಲ. "ಹಂಚಿಂದು ಇರ್ಲಿ ಬಿಡ್ರಿ ಸರ. ಕಟಗಿ ಎಷ್ಟ ವರ್ಷದ್ದೈತಿ?"

ಹೆಂಚಿನ ಮಾಡಿನ ವಿಷಯವೇ ಇದು. ಮಾಡಿಗೆ ಒಂದೇ ವಯಸ್ಸು ಅಂತ ಇರುವುದಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಗೋವಾ, ಮುಂಬೈವರೆಗೂ ಹೋಯಿತು. ಚೆನ್ನಾಗಿ ಬೆಂದ ಹೆಂಚಾದರೆ ಮೂರು ತಲೆಮಾರು ಕೂತಿರುತ್ತದೆ. ಅದರ ಅಡಿಯ ರೀಪು ಅಷ್ಟು ದಿನ ಬಾಳುವುದಿಲ್ಲ. ಪಕಾಸು (ರೀಪನ್ನು ಹೊರುವ ಇಳಿಜಾರು ಮರ) ಎಷ್ಟು ಬಾಳುತ್ತದೆ ಎಂಬುದು ಮರದ ಜಾತಿಯ ಮೇಲೆ, ತೊಲೆಯದು ಅದು ಗೋಡೆಯೊಳಗೆ ಸೇರುವ ಜಾಗದ ತೇವದ ಮೇಲೆ. ಒರಲೆ (ಗೆದ್ದಲು) ಹತ್ತುವುದೂ ಅಲ್ಲಿಂದಲೇ. ಒಂದು ಹೆಂಚು ಸರಿದು ಮಳೆಗಾಲವಿಡೀ ತೊಟ್ಟಿಕ್ಕಿದರೆ ಸಾಕು, ಹೆಂಚಿಗೆ ಏನೂ ಆಗಿರುವುದಿಲ್ಲ, ಕೆಳಗಿನ ಮರ ಲಡ್ಡಾಗಿರುತ್ತದೆ. ಗೋವಾದಲ್ಲಿ ಇದಕ್ಕೆ ಮಂಗಗಳ ಕೊಡುಗೆಯೂ ಇದೆ, ಆದರೆ ಮಂಗ ಒಡೆದ ನಾಲ್ಕು ಹೆಂಚಿಗೆ ಕ್ಲೇಮ್ ಹಾಕುವಷ್ಟು ಪುರುಸೊತ್ತು ನನಗಿಲ್ಲ.

ಮುಂದಿನ ಮಾಡಿನ ಮರವನ್ನು ನಾನು 2016ರಲ್ಲಿ ಪೂರ್ತಿ ಬದಲಾಯಿಸಿದ್ದೆ. ಪಕಾಸು ಮತ್ತಿ ಮರದ್ದು. (ಮತ್ತಿ ಗೋವಾದ ರಾಜ್ಯ ವೃಕ್ಷ, ಆದರೆ ನಾವು ತರಿಸಿದ್ದು ಯಲ್ಲಾಪುರ ಕಡೆಯಿಂದ.) ಸಾಮಿಲ್ಲಿನ ಬಿಲ್ಲು ಇತ್ತು, ಒರಲೆ ಔಷಧಿಯ ಬಿಲ್ಲು ಇತ್ತು, ಕೆಲಸ ನಡೆಯುವಾಗ ಹೆಂಡತಿ ತೆಗೆದ ಫೋಟೋಗಳೂ ಇದ್ದವು. ಅಡುಗೆಮನೆಯ ಮರ ಮಾತ್ರ ಮೊದಲಿನದೇ. ಹೊಗೆ ಹಿಡಿದು ಕಪ್ಪಾಗಿ ಗಟ್ಟಿಯಾಗಿಯೇ ಕಾಣುತ್ತಿತ್ತು. ಸರ್ವೇಯರ್ ಮುರಿದ ಪಕಾಸಿನ ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು, ಅದು ಸಲೀಸಾಗಿ ಒಳಗೆ ಹೋಯಿತು. "ಗಾಳಿ ಹಾರ್ಸಿದ್ದಕ್ಕ, ಗಿಡ ಬಿದ್ದಿದ್ದಕ್ಕ ಕಂಪನಿ ಕೊಡ್ತೈತ್ರಿ. ಒರಲಿ ತಿಂದಿದ್ದಕ್ಕ ಕೊಡಂಗಿಲ್ರಿ."

ಒಂದೇ ರಾತ್ರಿ, ಒಂದೇ ಪಾಲಿಸಿ, ಎರಡು ಮಾಡು. ಮುಂದಿನದಕ್ಕೆ ನಾನು ಕೇಳಿದ ಮೊತ್ತ ಹೆಚ್ಚುಕಡಿಮೆ ಪೂರ್ತಿ ಬಂತು. ಆಚಾರಿಯ ಕೂಲಿ, ಹೊಸ ಹೆಂಚು, ಕೋಡಿನ ಹೆಂಚಿಗೆ ಮತ್ತೆ ಹಾಕಿದ ಗಾರೆ, ಎಲ್ಲ ಸೇರಿ. ಅಡುಗೆಮನೆಗೆ ಅರ್ಧಕ್ಕಿಂತ ಕಡಿಮೆ ಬರೆದಿದ್ದರು. ಪಾಲಿಸಿಯ ಮಾತಿನಲ್ಲಿ ಇದಕ್ಕೆ ಆಧಾರವಿದೆ. ಭಾಗಶಃ ಹಾನಿಯಾದರೆ, ಹಾನಿಯಾಗುವ ಹೊತ್ತಿಗೆ ಮನೆ ಹೇಗಿತ್ತೋ ಸುಮಾರಾಗಿ ಆ ಸ್ಥಿತಿಗೆ ತರುವ ರಿಪೇರಿ ಖರ್ಚನ್ನು ಕೊಡುತ್ತಾರೆ. ವಯಸ್ಸು ಎಂಬ ಶಬ್ದ ಅಲ್ಲಿ ಎಲ್ಲೂ ಇಲ್ಲ. ಆದರೆ 'ಆ ಹೊತ್ತಿಗೆ ಹೇಗಿತ್ತು' ಎಂಬುದನ್ನು ತೀರ್ಮಾನಿಸುವಾಗ ಬರುವುದು ಅದೇ.

ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಗಾಳಿಗೆ ಹಾರಿದ ಮಾಡಿನ ಮರ ಲಡ್ಡಾಗಿದ್ದರೆ ಅದೇ ಕಾರಣ ಎನ್ನಬಹುದು. ಇಡೀ ತೆಂಗಿನ ಮರ ಮೇಲಿಂದ ಬಿದ್ದರೆ ಹೊಸ ಸಾಗವಾನಿ ಪಕಾಸೂ ಮುರಿಯುತ್ತಿತ್ತು. ಮರ ಬೀಳುವ ಹಿಂದಿನ ದಿನದವರೆಗೆ ಆ ಮಾಡು ಹೆಂಚು ಹೊತ್ತು ನಿಂತಿತ್ತಲ್ಲ? ಸರ್ವೇ ವರದಿಯ ಪ್ರತಿ ಕೇಳಿ ಪಡೆದೆ. ಅದನ್ನು ಪಾಲಿಸಿದಾರ ಕೇಳಬಹುದು, ಬಹಳ ಜನ ಕೇಳುವುದಿಲ್ಲ. ಇದೇ ವಾದವನ್ನು ಬರೆದು, ಪೆಟ್ಟು ಬಿದ್ದ ಜಾಗ ಮತ್ತು ಒರಲೆ ಹಿಡಿದ ಜಾಗ ಬೇರೆ ಬೇರೆ ಎಂದು ತೋರಿಸುವ ಫೋಟೋ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಅಡುಗೆಮನೆಯ ಮೊತ್ತ ಸ್ವಲ್ಪ ಏರಿತು, ನನಗೆ ಬೇಕಾದಷ್ಟು ಏರಲಿಲ್ಲ. ಅಲ್ಲಿಗೆ ಬಿಟ್ಟೆ. ಬಿಡದವರಿಗೆ ಐಆರ್‌ಡಿಎಐಯ ಬಿಮಾ ಭರೋಸಾ ಎಂಬ ದೂರಿನ ಪೋರ್ಟಲ್ ಇದೆ. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಬಳಿ ಹೋಗಬಹುದು, ಖರ್ಚಿಲ್ಲ, ವಕೀಲರೂ ಬೇಡ.

ಮೆಚ್ಚಬೇಕಾದದ್ದೂ ಇದೆ. ಹಳೆಯ ಪಾಲಿಸಿಗಳಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಕ್ಲೇಮನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಿದ್ದರು. ಇದರಲ್ಲಿ ಆ ಕತ್ತರಿ ಇಲ್ಲ. ಅವಶೇಷ ಸಾಗಿಸಲು ಕ್ಲೇಮಿನ ಶೇ. 2, ಎಂಜಿನಿಯರ್ ಫೀಸಿಗೆ ಶೇ. 5ರವರೆಗೆ ಕೊಡುತ್ತಾರೆ. ಮನೆ ವಾಸಕ್ಕೆ ಆಗದಂತಾದರೆ ಬೇರೆ ಕಡೆಯ ಬಾಡಿಗೆಗೂ ಅವಕಾಶವಿದೆ. ಕಾಲ್‌ಸೆಂಟರಿನ ಬಗ್ಗೆ ಹೇಳದಿರುವುದೇ ಲೇಸು.

ಮುಂಬೈ, ಪುಣೆಯ ಫ್ಲಾಟಿನವರಿಗೆ ಇದೇ ಕತೆ ಬೇರೆ ರೂಪದಲ್ಲಿ ಬರುತ್ತದೆ. ನಮ್ಮ ಚಿಕ್ಕಪ್ಪನ ಮಗ ಡೊಂಬಿವಲಿಯಲ್ಲಿ ಮೇಲಿನ ಮಹಡಿಯಲ್ಲಿದ್ದಾನೆ. ಟೆರೇಸಿನ ವಾಟರ್‌ಪ್ರೂಫಿಂಗ್ ಹೋಗಿ ಪ್ರತಿ ಮಳೆಗಾಲ ಸೀಲಿಂಗಿನಲ್ಲಿ ನಕ್ಷೆ ಮೂಡುತ್ತದೆ. ಅವನ ಕ್ಲೇಮ್ ನೇರವಾಗಿ ತಿರಸ್ಕಾರವಾಯಿತು, ಕಂಪನಿಯದು ತಪ್ಪು ಅನ್ನಲಾರೆ. ನೀರಿನ ಟ್ಯಾಂಕು ಅಥವಾ ಪೈಪು ಒಡೆದು, ಉಕ್ಕಿ ಆಗುವ ಹಾನಿ ಪಾಲಿಸಿಯಲ್ಲಿದೆ. ಇಟ್ಟಿಗೆ ಚೂರಿನ ಕೋಬಾ (ಟೆರೇಸಿನ ಮೇಲೆ ನೀರು ತಡೆಯುವ ಪದರ) ವರ್ಷಗಟ್ಟಲೆ ಸವೆದು ಮಳೆನೀರು ಜಿನುಗುವುದು ಅದರಲ್ಲಿ ಬರುವುದಿಲ್ಲ. ಟೆರೇಸಿನ ರಿಪೇರಿ ಸೊಸೈಟಿಯ ಹೊಣೆ. ಅವನು ಜಗಳ ಆಡಬೇಕಾದ್ದು ಕಮಿಟಿಯ ಜೊತೆ, ಅವನ ಹೆಂಡತಿಯೇ ಕಮಿಟಿಯಲ್ಲಿದ್ದಾಳೆ, ಅದು ಬೇರೆ ಮಾತು. ಅಂಥವರಿಗೆ ಉಪಯೋಗಕ್ಕೆ ಬರುವ ಕಾಗದ ಒಂದಿದೆ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಆಗಬೇಕು. ನಾಳೆ ಬಿರುಗಾಳಿಗೆ ಪ್ಯಾರಾಪೆಟ್ ಗೋಡೆ ಬಿದ್ದರೆ, ಕಟ್ಟಡ ಮೊದಲೇ ಹಾಳಾಗಿತ್ತು ಎನ್ನುವ ಸರ್ವೇಯರನಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇನ್ನೊಂದು: ಟೆರೇಸನ್ನೋ ಅಂಗಳವನ್ನೋ ಶೀಟು ಹಾಕಿ ಮುಚ್ಚಿ ಕೋಣೆ ಮಾಡಿದ್ದೀರಾ? ಕಾರ್ಪೆಟ್ ಏರಿಯಾ ಶೇ. 10ಕ್ಕಿಂತ ಹೆಚ್ಚಾಗಿದ್ದರೆ ಕಂಪನಿಗೆ ಹೇಳಿ ಸೇರಿಸಿಕೊಳ್ಳಿ, ಇಲ್ಲವಾದರೆ ಆ ಭಾಗಕ್ಕೆ ರಕ್ಷಣೆ ಇರುವುದಿಲ್ಲ.

ನಾನೀಗ ಪ್ರತಿ ಮೇ ತಿಂಗಳಲ್ಲಿ ಆಚಾರಿಯನ್ನು ಮಾಡಿನ ಮೇಲೆ ಹತ್ತಿಸುತ್ತೇನೆ. ಒಡೆದ ಹೆಂಚು ಬದಲಾಯಿಸಿ, ತೊಲೆಯ ತುದಿಗಳಿಗೆ ಔಷಧಿ ಹೊಡೆದು, ಕೆಳಗಿನಿಂದ ಪಕಾಸಿನ ಸಾಲಿನ ಫೋಟೋ. ಕೂಲಿಗೆ ರಸೀದಿ ಬರೆಸಿಕೊಂಡರೆ ಅವನಿಗೆ ನಗು. ಅಡುಗೆಮನೆಯ ಮರವನ್ನು ರಿಪೇರಿಯ ಜೊತೆಗೇ ಪೂರ್ತಿ ಹೊಸದು ಮಾಡಿದೆ, ಕಂಪನಿ ಕೊಡದ ಭಾಗ ನನ್ನ ಕೈಯಿಂದ.

ಹೆಂಚಿನ ಮನೆಯವರು ಈ ಪಾಲಿಸಿ ಕೊಳ್ಳಬೇಕೇ? ಮರ ಗಟ್ಟಿಯಿದ್ದು ಅದಕ್ಕೆ ಕಾಗದವೂ ಇದ್ದರೆ ಕಣ್ಣುಮುಚ್ಚಿ ಕೊಳ್ಳಿ, ಈ ಪ್ರೀಮಿಯಂಗೆ ಇಷ್ಟು ರಕ್ಷಣೆ ಅಗ್ಗ. ಮರ ಹಾಳಾಗಿದ್ದರೆ ಆ ವರ್ಷದ ದುಡ್ಡು ಮೊದಲು ಆಚಾರಿಗೆ ಹೋಗಲಿ. ಪಾಲಿಸಿಗೆ ಐದು ಅಂಕದಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಕಾಲ್‌ಸೆಂಟರಿಗೂ ಅಡುಗೆಮನೆಗೂ. ಈ ಸಲ ನವೀಕರಣದ ಜೊತೆ ಮಾಡು ಬದಲಾದ ವರ್ಷವನ್ನು ಪಾಲಿಸಿಯಲ್ಲೇ ನಮೂದಿಸಿ ಎಂದು ಈಮೇಲ್ ಮಾಡಿದ್ದೇನೆ, ಬಿಲ್ಲುಗಳನ್ನೂ ಲಗತ್ತಿಸಿದ್ದೇನೆ. ಅಂಥ ಕಾಲಂ ತಮ್ಮ ಸಿಸ್ಟಮ್ಮಿನಲ್ಲಿ ಇಲ್ಲ ಎಂದು ಉತ್ತರ ಬಂದಿದೆ. ಈಮೇಲ್ ತಲುಪಿದೆ ಎಂಬುದಕ್ಕೆ ಅದೇ ದಾಖಲೆಯಾಯಿತು, ಪ್ರಿಂಟ್ ತೆಗೆದು ಸಾಮಿಲ್ಲಿನ ಬಿಲ್ಲಿನ ಫೈಲಿಗೇ ಸೇರಿಸಿದ್ದೇನೆ.